ಕವಳದ ತಟ್ಟೆಯಲ್ಲಿ ಮಾತ್ರೆ

ಔಷಧಿ ಕೊಡುವ ಕಿಟಕಿಯಲ್ಲಿ ಕೂತು ನಾನು ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆ ಒಂದಿದೆ. "ಬೇರೆ ಎಂತಾದ್ರೂ ಮಾತ್ರೆ ತಗೊಳ್ತಾ ಇದೀರಾ?" ಪ್ರತಿಯೊಬ್ಬರೂ ಕೊಡುವ ಉತ್ತರವೂ ಒಂದೇ. "ಇಲ್ಲ." ಕೇಳಿದ್ದು ಪೂರ್ತಿ ಕಿವಿಗೆ ಬೀಳುವ ಮೊದಲೇ "ಇಲ್ಲ" ಅಂದು, ಮಾತ್ರೆಗೆ ಕೈ ಒಡ್ಡಿರುತ್ತಾರೆ. ಹಿಂದೆ ಸಾಲು ಇರುತ್ತದೆ, ಬಸ್ಸಿಗೆ ಹೊತ್ತಾಗಿರುತ್ತದೆ. ಅಡಿಕೆ ಮರ ಹತ್ತುವ ಆ ಕೊನೆಗೌಡನೂ ಹಾಗೆಯೇ "ಇಲ್ಲ" ಅಂದಿದ್ದ.

ನಾನು ಹೊಸನಗರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್. ಮನೆ ಸಾಗರದಲ್ಲಿ. ಆ ವರ್ಷ ಅಡಿಕೆ ಕೊಯ್ಲು ಶುರುವಾಗಿ ಸ್ವಲ್ಪ ದಿನಕ್ಕೆಲ್ಲ ನಮ್ಮ ವ್ಯಾಪ್ತಿಯ ಕಾಡಿನಲ್ಲಿ ಮಂಗ ಸತ್ತು ಬಿದ್ದಿತ್ತು. ಮಂಗ ಸತ್ತಿತು ಅಂದರೆ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೈಮೇಲೆ ರಕ್ತ ಹೀರುತ್ತಿದ್ದ ಉಣುಗು ತರಗೆಲೆಗೆ ಇಳಿಯುತ್ತದೆ, ತರಗೆಲೆಗೆ ಹೋದವರ ಮೈ ಹತ್ತುತ್ತದೆ, ಮಂಗನ ಕಾಯಿಲೆ ಊರಿಗೆ ಬರುತ್ತದೆ. ಇದ್ದಕ್ಕಿದ್ದಂತೆ ಜ್ವರ, ಹಣೆ ಒಡೆದುಹೋಗುವಷ್ಟು ತಲೆನೋವು, ಯಾರೋ ಹಿಡಿದು ಬಡಿದ ಹಾಗೆ ಮೈಕೈ ನೋವು. ತೊಂದರೆ ಇರುವುದು ಈ ಮೈಕೈ ನೋವಿನಲ್ಲೇ. ಕೊಯ್ಲಿನ ಕಾಲದಲ್ಲಿ ಮೈಕೈ ನೋವಿಲ್ಲದವರು ಯಾರಿದ್ದಾರೆ? ಮರ ಹತ್ತುವವನಿಗೆ ಭುಜ ಎತ್ತಲಾಗುವುದಿಲ್ಲ, ಸುಲಿಯಲು ಕೂತವಳಿಗೆ ಸೊಂಟ ಹಿಡಿದಿರುತ್ತದೆ, ಅಡಿಕೆ ಬೇಯಿಸುವವನಿಗೆ ಮಂಡಿ ಮಡಚಲಾಗುವುದಿಲ್ಲ. ಅದನ್ನು ಕಾಯಿಲೆ ಅಂತ ಹೇಳಿಕೊಂಡು ಯಾರೂ ಆಸ್ಪತ್ರೆಗೆ ಬರುವುದಿಲ್ಲ.

ಹಾಗಾಗಿ ನಮ್ಮ ವೈದ್ಯರು ಒಂದು ನಿಯಮ ಮಾಡಿದ್ದರು. ಈ ಸಮಯದಲ್ಲಿ ಜ್ವರ, ಮೈಕೈ ನೋವು ಅಂತ ಯಾರೇ ಬಂದರೂ ರಕ್ತದ ಮಾದರಿ ತೆಗೆದು ಶಿವಮೊಗ್ಗಕ್ಕೆ ಕಳಿಸಬೇಕು. ವರದಿ ಬರುವವರೆಗೆ ಬರೀ ಪ್ಯಾರಾಸಿಟಮಾಲ್, ಬೇರೆ ಯಾವ ನೋವಿನ ಮಾತ್ರೆಯೂ ಬೇಡ. ಕಾರಣವನ್ನು ನಾನು ಕಿಟಕಿಯಲ್ಲಿ ಗಿಳಿಪಾಠದಂತೆ ಒಪ್ಪಿಸುತ್ತಿದ್ದೆ. ಮಂಗನ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ. ಡೈಕ್ಲೋಫೆನಾಕ್ ಜಾತಿಯ ಮಾತ್ರೆ ನೋವು, ಊತ ಕಡಿಮೆ ಮಾಡುತ್ತದೆ ನಿಜ, ಆದರೆ ಉಳಿದ ಪ್ಲೇಟ್‌ಲೆಟ್‌ನ ಕೈಯನ್ನೂ ಕಟ್ಟಿಹಾಕುತ್ತದೆ, ಹೊಟ್ಟೆಯ ಒಳಪದರವನ್ನು ಕೆರೆಯುತ್ತದೆ, ನೀರು ಕುಡಿಯದೆ ಬೆವರುವವನ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಕಾಂಬಿನೇಶನ್ ಮಾತ್ರೆಯಾದರೆ ಅದರೊಳಗೆ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಅದನ್ನೂ ತಿಂದು ನಾವು ಕೊಟ್ಟದ್ದನ್ನೂ ತಿಂದರೆ ಒಂದೇ ಔಷಧಿ ಎರಡು ದಾರಿಯಿಂದ ಹೊಟ್ಟೆಗೆ ಹೋಗಿ ಲಿವರ್ ಕೆಡುತ್ತದೆ.

ಕಾಂಬಿನೇಶನ್ ಮಾತ್ರೆಯ ಮೇಲೆ ನನಗೇನೂ ಹಗೆಯಿಲ್ಲ. ಕಾಲು ಉಳುಕಿ ಊದಿಕೊಂಡವನಿಗೆ ವೈದ್ಯರು ಬರೆದರೆ, ಹೊಟ್ಟೆಹುಣ್ಣು, ಬಿಪಿ, ಕಿಡ್ನಿ ತೊಂದರೆ ಇದೆಯೇ ಅಂತ ಕೇಳಿ, ಊಟದ ನಂತರ, ಬರೆದಷ್ಟೇ ದಿನ ಅಂತ ಹೇಳಿ ಕೊಡುತ್ತೇನೆ. ಆ ಮಾತ್ರೆಗೆ ಅದರದೇ ಜಾಗವಿದೆ. ಆದರೆ ನಮ್ಮ ಪ್ಯಾರಾಸಿಟಮಾಲ್ ಕಂಡರೆ ಜನರಿಗೆ ತಾತ್ಸಾರ. "ಇದು ಮಕ್ಕಳಿಗೆ ಕೊಡೋದಲ್ವಾ ಮೇಡಂ" ಅನ್ನುತ್ತಾರೆ. "ಇದ್ರಲ್ಲಿ ಎಂತ ಆಗ್ತದೆ, ಸ್ಟ್ರಾಂಗ್ ಇರೋದು ಕೊಡಿ" ಅನ್ನುತ್ತಾರೆ. ಸ್ಟ್ರಾಂಗ್ ಅನ್ನುವ ಶಬ್ದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೊನೆಗೌಡ ಹೆಂಡತಿಯ ಜೊತೆ ಬಂದಿದ್ದ. ಅಡಿಕೆ ಮರ ಹತ್ತಿ ಗೊನೆ ಇಳಿಸುವವನಿಗೆ ಈ ಕಡೆ ಕೊನೆಗೌಡ ಅನ್ನುತ್ತಾರೆ. ಇಬ್ಬರೂ ಮೇಗರವಳ್ಳಿ ಕಡೆಯವರು. ಪ್ರತಿ ಕೊಯ್ಲಿಗೂ ಒಬ್ಬ ಚೇಣಿದಾರರ ಜೊತೆ ಬರುತ್ತಿದ್ದರು. ಚೇಣಿ ಅಂದರೆ ತೋಟದ ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆ ಹಿಡಿಯುವುದು. ಚೇಣಿದಾರರು ಒಂದು ದೊಡ್ಡ ಶೆಡ್ ಹಾಕಿದ್ದರು. ಅವನು ಮರ ಹತ್ತುವುದು, ಅವಳು ಶೆಡ್ಡಿನಲ್ಲಿ ಅಡಿಕೆ ಸುಲಿಯುವುದು. ಊಟ, ವಸತಿ ಎಲ್ಲ ಅಲ್ಲೇ.

ಅವನ ಕಣ್ಣು ಕೆಂಪಾಗಿತ್ತು. ಮಾತಾಡುವಾಗ ಹಣೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಿದ್ದ. ವೈದ್ಯರು ರಕ್ತ ತೆಗೆಸಿದರು. ನಾನು ಪ್ಯಾರಾಸಿಟಮಾಲ್, ಓಆರ್‌ಎಸ್ ಕೊಟ್ಟು ನನ್ನ ಪ್ರಶ್ನೆ ಕೇಳಿದೆ. ಅವನು "ಇಲ್ಲ" ಅಂದ. ಹೆಂಡತಿಯ ಕಡೆ ನೋಡಿದೆ. ಅವಳೂ ತಲೆ ಅಲ್ಲಾಡಿಸಿದಳು.

"ಮರ ಹತ್ತಬಾರದು. ನೋವು ತಡೆಯಲಿಕ್ಕೆ ಆಗ್ಲಿಲ್ಲ ಅಂದ್ರೆ ಇಲ್ಲಿಗೇ ಬನ್ನಿ. ಪೇಟೆಯಿಂದ ಎಂತದೂ ತರಿಸ್ಕೋಬೇಡಿ" ಅಂದೆ.

"ಆಯ್ತು ಮೇಡಂ" ಅಂದ. ಅಷ್ಟು ಸುಲಭವಾಗಿ ಒಪ್ಪಿಕೊಂಡವರನ್ನು ನಾನು ನಂಬುವುದಿಲ್ಲ, ಆದರೆ ಹಿಂದೆ ನಿಂತಿದ್ದವರು ಗೊಣಗುತ್ತಿದ್ದರು.

ಅದಾಗಿ ಮೂರ್ನಾಲ್ಕು ದಿನ ಕಳೆದಿರಬೇಕು. ಶಿವಮೊಗ್ಗದಿಂದ ವರದಿ ಬಂದಿರಲಿಲ್ಲ. ಮಂಗ ಸತ್ತ ಜಾಗದ ಸುತ್ತಲಿನ ಮನೆ, ಶೆಡ್ಡುಗಳಲ್ಲಿ ಜ್ವರದ ಸರ್ವೆ ನಡೆಯುತ್ತಿತ್ತು. ಆಶಾ ಕಾರ್ಯಕರ್ತೆ ಹಣೆಗೆ ಥರ್ಮಾಮೀಟರ್ ಹಿಡಿಯುವುದು, ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಹಂಚುವುದು. ಆವತ್ತು ಎಣ್ಣೆಯ ದಾಸ್ತಾನು ಕೊಡಲು ನಾನೂ ಜೀಪು ಹತ್ತಿದೆ. ಚೇಣಿದಾರರ ಶೆಡ್ಡಿನಲ್ಲಿದ್ದ ಎಲ್ಲರ ಹಣೆಗೂ ಥರ್ಮಾಮೀಟರ್ ಹಿಡಿದದ್ದಾಯಿತು. ಯಾರಿಗೂ ಜ್ವರ ಇರಲಿಲ್ಲ. ಆಶಾ ಖುಷಿಯಾದಳು. ಹೋದ ಸರ್ವೆಯಲ್ಲೂ ಇಲ್ಲಿ ಹೀಗೇ ಎಲ್ಲರೂ ನಾರ್ಮಲ್ ಇದ್ದರಂತೆ.

ಅಷ್ಟರಲ್ಲಿ ಚಹಾ ಬಂತು, ಹಿಂದೆಯೇ ಕವಳದ ತಟ್ಟೆ ಬಂತು. ನಮ್ಮ ಕಡೆ ಎಲೆ ಅಡಿಕೆ ಹಾಕುವುದಕ್ಕೆ ಕವಳ ಅನ್ನುತ್ತಾರೆ. ಕೊಯ್ಲಿನ ಕೆಲಸಕ್ಕೆ ಬಂದವರ ಮುಂದೆ ಕವಳದ ತಟ್ಟೆ ಇಡದ ಯಜಮಾನನಿಗೆ ಮರ್ಯಾದೆ ಇಲ್ಲ. ತಟ್ಟೆಯಲ್ಲಿ ಎಲೆ, ಹೋಳು ಮಾಡಿದ ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು ಇದ್ದವು. ಪಕ್ಕದಲ್ಲೇ ಸ್ಟ್ರಿಪ್ಪಿನಿಂದ ಒಂದೊಂದಾಗಿ ಕತ್ತರಿಸಿದ ಮಾತ್ರೆಗಳು ಒಂದು ಹಿಡಿಯಷ್ಟು. ಸುಲಿಯುತ್ತಿದ್ದ ಹೆಂಗಸರು ಮೆಟ್ಟುಗತ್ತಿ ಬಿಟ್ಟು ಎದ್ದು ಬಂದರು. ಒಬ್ಬಳು ಎಲೆ ತೆಗೆದುಕೊಂಡಳು, ಒಂದು ಮಾತ್ರೆಯನ್ನೂ ತೆಗೆದುಕೊಂಡು ಚಹಾದ ಜೊತೆ ನುಂಗಿದಳು. ಮುಂದಿನವಳೂ ಹಾಗೇ. ನನ್ನ ಎದುರಿಗೇ, ಯಾವ ಮುಚ್ಚುಮರೆಯೂ ಇಲ್ಲದೆ.

"ಇದೆಂತ?" ಅಂದೆ.

ಚೇಣಿದಾರರು ಹೆಮ್ಮೆಯಿಂದಲೇ ಹೇಳಿದರು. "ಮೈಕೈ ನೋವಿಂದು ಮೇಡಂ. ಪಾಪ, ಬೆಳಗಿಂದ ಕೂತಿರ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನದ ಚಹಾಕ್ಕೆ ಒಂದು ಕೊಡ್ಸ್ತೀನಿ. ಬೇರೆ ಯಾವ ಚೇಣಿಯವ್ರೂ ಕೊಡಲ್ಲ, ಕೇಳಿ ಬೇಕಿದ್ರೆ. ನಾನೂ ತಿಂತೀನಿ, ನನ್ನ ಮಂಡಿಗೆ."

ಅವರು ಕೆಟ್ಟವರಲ್ಲ. ಅದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಆಳುಗಳಿಗೆ ತಾವು ತಿನ್ನದ್ದನ್ನು ಅವರು ಕೊಡುತ್ತಿರಲಿಲ್ಲ.

ಮಾತ್ರೆಯೊಂದನ್ನು ಎತ್ತಿಕೊಂಡು ಹಿಂದಿನ ಹಾಳೆ ಓದಲು ನೋಡಿದೆ. ಒಂದೊಂದೇ ಕತ್ತರಿಸಿದ್ದರಿಂದ ಹೆಸರು ತುಂಡಾಗಿತ್ತು. ಎಕ್ಸ್‌ಪೈರಿ ಯಾವ ತುಂಡಿನಲ್ಲಿ ಹೋಗಿತ್ತೋ ದೇವರಿಗೇ ಗೊತ್ತು. ಹತ್ತಾರು ತುಂಡುಗಳನ್ನು ಜಗುಲಿಯ ಮೇಲೆ ಸಾಲಾಗಿಟ್ಟು ಅಂಚಿಗೆ ಅಂಚು ಕೂಡಿಸಿದೆ. ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್, ಜೊತೆಗೆ ಊತಕ್ಕೆ ಅಂತ ಸೇರಿಸುವ ಇನ್ನೊಂದು. ಖಾತ್ರಿ ಮಾಡಿಕೊಳ್ಳಲು, ತಂದ ಮೆಡಿಕಲ್ ಶಾಪಿನ ಹೆಸರು ಕೇಳಿ, ಸಿಗ್ನಲ್ ಸಿಗುವ ರಸ್ತೆ ತಿರುವಿಗೆ ನಡೆದು ಫೋನ್ ಮಾಡಿದೆ. ಚೀಟಿಯಿಲ್ಲದೆ ಇಷ್ಟೊಂದು ಹೇಗೆ ಕೊಟ್ಟಿರಿ ಅಂದಿದ್ದಕ್ಕೆ ಅಂಗಡಿಯವರು, "ನಾನು ಕೊಡ್ಲಿಲ್ಲ ಅಂದ್ರೆ ಪಕ್ಕದವ್ರು ಕೊಡ್ತಾರೆ ಮೇಡಂ. ನಿಮಗೆ ಗೊತ್ತಿಲ್ವಾ?" ಅಂದರು. ಗೊತ್ತಿತ್ತು.

ಆಗ ತಲೆಗೆ ಹೊಳೆಯಿತು. ಈ ಮಾತ್ರೆ ಜ್ವರವನ್ನೂ ಇಳಿಸುತ್ತದೆ. ದಿನಕ್ಕೆರಡು ಸಲ ಇದನ್ನು ನುಂಗುವವರ ಹಣೆಗೆ ಥರ್ಮಾಮೀಟರ್ ಹಿಡಿದು ನಾವು ನಾರ್ಮಲ್ ಅಂತ ಬರೆದುಕೊಳ್ಳುತ್ತಿದ್ದೆವು. ಶೆಡ್ಡಿಗೆ ಹಿಂತಿರುಗಿ ಕೊನೆಗೌಡನ ಹೆಂಡತಿಯನ್ನು ಹುಡುಕಿದೆ. ಅವಳು ಸುಲಿಯಲು ಕೂತಿದ್ದಳು.

"ನಿಮ್ಮ ಯಜಮಾನ್ರು ಎಲ್ಲಿ?"

"ಮರದ ಮೇಲೆ" ಅಂದಳು, ತಲೆ ಎತ್ತದೆ.

"ಜ್ವರ?"

"ಬಿಟ್ಟದೆ ಮೇಡಂ. ನಿಮ್ಮ ಮಾತ್ರೆನೂ ತಿಂದ್ರು, ಇದನ್ನೂ ತಿಂದ್ರು. ಮೈ ನೋವೂ ಹೋಯ್ತು. ಇಲ್ದಿದ್ರೆ ಏಳೋಕೇ ಆಗ್ತಿರ್ಲಿಲ್ಲ ಅವ್ರಿಗೆ."

"ನಾನು ಆವತ್ತು ಕೇಳಿದ್ದೆನಲ್ಲ, ಬೇರೆ ಮಾತ್ರೆ ತಗೊಳ್ತೀರಾ ಅಂತ?"

ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಇದು ಎಲ್ರೂ ತಿನ್ನೋದಲ್ವಾ? ನೀವು ಕೇಳಿದ್ದು ಕಾಯಿಲೆಗೆ ಕೊಟ್ಟಿದ್ದನ್ನ ಅಂದ್ಕೊಂಡೆ" ಅಂದಳು. ಕವಳದ ತಟ್ಟೆಯಲ್ಲಿ ಬರುವುದನ್ನು ಅವಳು ಔಷಧಿ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ತೋಟಕ್ಕೆ ಹೋದೆ. ಅವನು ಮರದಿಂದ ಮರಕ್ಕೆ ತೂಗಿಕೊಂಡು ದಾಟುತ್ತಿದ್ದ. ಕೆಳಗೆ ಹಗ್ಗ ಹಿಡಿದವನಿಗೆ ಹೇಳಿ ಇಳಿಸಿದೆ. ಬೇಸರದಿಂದಲೇ ಇಳಿದ. "ಆರಾಮಿದೀನಿ ಮೇಡಂ, ಎಂತದೂ ಇಲ್ಲ" ಅಂದು ಬದಿಗೆ ಉಗುಳಿದ. ಉಗುಳು ಕೆಂಪಗಿತ್ತು. ಈ ಕಡೆ ಕೆಂಪು ಉಗುಳನ್ನು ಯಾರು ನೋಡುತ್ತಾರೆ? ಕವಳ ಹಾಕುವ ಗಂಡಸು ಕೆಂಪಗೇ ಉಗುಳುವುದು. ನಾನೂ ದಾಟಿ ಹೋಗುತ್ತಿದ್ದೆ. ಅವನ ಬಾಯಿ ಆಡುತ್ತಿರಲಿಲ್ಲ ಅನ್ನುವುದೊಂದು ಕಣ್ಣಿಗೆ ಬಿತ್ತು.

"ಬಾಯಲ್ಲಿ ಕವಳ ಇದೆಯಾ?"

"ಇಲ್ಲ."

ಶೆಡ್ಡಿನ ಅಂಗಳದ ನಲ್ಲಿಗೆ ಕರೆದುಕೊಂಡು ಬಂದು ಬಾಯಿ ಮುಕ್ಕಳಿಸಲು ಹೇಳಿದೆ. ಮುಕ್ಕಳಿಸಿ ಉಗುಳಿದ. ಕೆಂಪು. ಮತ್ತೆ ಮುಕ್ಕಳಿಸಿ ಅಂದೆ. ಕವಳದ ಬಣ್ಣವಾದರೆ ನೀರು ತಿಳಿಯಾಗುತ್ತ ಹೋಗಬೇಕು. ಆಗಲಿಲ್ಲ. ಜನ ಸೇರಿದ್ದರು, ಯಾರೋ ನಕ್ಕರು. ಮೇಡಂ ಕವಳ ಬಿಡಿಸಲಿಕ್ಕೆ ಬಂದಿದಾರೆ ಅಂತ ತಮಾಷೆ. ಅಷ್ಟು ಹೊತ್ತಿಗೆ ಹೆಂಡತಿ ಸುಲಿಯುವುದು ಬಿಟ್ಟು ಬಂದಿದ್ದಳು. ನೀರನ್ನೂ ಗಂಡನ ಮುಖವನ್ನೂ ನೋಡಿ, "ನಿನ್ನೆ ಬೆಳಿಗ್ಗೆಯಿಂದ ಕವಳ ಹಾಕೇ ಇಲ್ಲ ಇವ್ರು. ಬಾಯಿ ರುಚಿಯಿಲ್ಲ ಅಂತಿದ್ರು" ಅಂದಳು. ನಗು ನಿಂತಿತು.

ತುಟಿ ಎತ್ತಿ ನೋಡಿದೆ. ವಸಡಿನ ಅಂಚಿನಿಂದ ರಕ್ತ ಜಿನುಗುತ್ತಿತ್ತು. ಹೊಟ್ಟೆ ನೋವಿದೆಯಾ, ಮಲ ಕಪ್ಪಗೆ ಹೋಗುತ್ತಿದೆಯಾ ಅಂತ ಕೇಳಿದೆ. ಹೆಂಡತಿಯ ಎದುರು ನಾಚಿಕೊಂಡು, "ಟಾರಿನ ಹಾಗೆ" ಅಂದ. ಮತ್ತೆ ತಿರುವಿಗೆ ಓಡಿ ವೈದ್ಯರಿಗೆ ಫೋನ್ ಮಾಡಿದೆ. ವರದಿಗೆ ಕಾಯುವುದು ಬೇಡ, ಇಲ್ಲಿಗೂ ತರಬೇಡಿ, ನೇರ ಸಾಗರಕ್ಕೆ ಹೊರಡಿ, ನಾನು ಅಲ್ಲಿಗೆ ತಿಳಿಸುತ್ತೇನೆ ಅಂದರು. ಆಂಬುಲೆನ್ಸ್ ಇನ್ನೊಂದು ಕರೆಯ ಮೇಲೆ ತೀರ್ಥಹಳ್ಳಿ ಕಡೆ ಹೋಗಿತ್ತು. ಅಂಗಳದಲ್ಲಿ ನಮ್ಮ ಸರ್ವೆಯ ಜೀಪಿತ್ತು.

ಜೀಪು ರೋಗಿಗಳನ್ನು ಸಾಗಿಸಲಿಕ್ಕಲ್ಲ ಅಂತ ಡ್ರೈವರ್ ಹೇಳಿದ. ಅವನು ಹೇಳಿದ್ದು ಸರಿಯೇ. ದಾರಿಯಲ್ಲಿ ಏನಾದರೂ ಆದರೆ ಕೇಳುವುದು ಅವನನ್ನೂ ನನ್ನನ್ನೂ. ಕೊನೆಗೌಡನೂ ಬರಲೊಪ್ಪಲಿಲ್ಲ. "ಈ ಸಾಲು ಮುಗಿಸಿ ನಾಳೆ ಹೋಗ್ತೀನಿ, ನಡೆಯೋಕಾಗ್ತದೆ, ಹತ್ತೋಕಾಗ್ತದೆ, ಎಂತಕ್ಕೆ ಹೊತ್ಕೊಂಡು ಹೋಗ್ತೀರಿ?" ಅಂದ. ರೋಗಿಗೆ ಹೆದರಿಕೆ ಹುಟ್ಟಿಸಬಾರದು ಅಂತ ನಮಗೆ ಕಲಿಸಿದ್ದಾರೆ. ಆವತ್ತು ನಾನು ಅದನ್ನು ಬದಿಗಿಟ್ಟೆ. ಎಲ್ಲರಿಗೂ ಕೇಳುವಂತೆ, "ಒಳಗೆ ರಕ್ತ ಸೋರ್ತಾ ಇದೆ. ಮಾತ್ರೆ ನೋವನ್ನು ಮುಚ್ಚಿದೆ, ಸೋರೋದನ್ನ ನಿಲ್ಲಿಸಿಲ್ಲ. ಮರದ ಮೇಲೆ ತಲೆ ತಿರುಗಿದ್ರೆ ಅಲ್ಲಿಗೇ ಮುಗೀತು. ಈಗ ಹೊರಡದಿದ್ರೆ ಇವ್ರು ಉಳಿಯೋದು ಕಷ್ಟ" ಅಂದೆ. ಹೆಂಡತಿ ಅವನ ತೋಳು ಹಿಡಿದು ಜೀಪಿನ ಕಡೆ ಎಳೆದಳು. ಚೇಣಿದಾರರು ಬಿಳುಚಿಕೊಂಡಿದ್ದರು. ತಮ್ಮ ಶಾಲನ್ನು ತಂದು ಅವನಿಗೆ ಹೊದೆಸಿದರು. ಜೀಪು ನನ್ನ ಜವಾಬ್ದಾರಿ ಅಂದೆ ಡ್ರೈವರನಿಗೆ.

ದಾರಿಯಲ್ಲಿ ಅವನು ವಾಂತಿ ಮಾಡಿಕೊಂಡ. ಕಾಫಿಪುಡಿ ಕದಡಿದ ಹಾಗಿತ್ತು. ಹೊಟ್ಟೆಯೊಳಗಿನ ರಕ್ತ ಆಮ್ಲದಲ್ಲಿ ಬೆಂದರೆ ಹಾಗಾಗುತ್ತದೆ ಅಂತ ನನಗೆ ಗೊತ್ತಿತ್ತು, ಅವಳಿಗೆ ಹೇಳಲಿಲ್ಲ. ಬೆಳಗಿನ ಮಾತ್ರೆಯ ಪ್ರಭಾವ ಇಳಿಯುತ್ತಿದ್ದಂತೆ ಜ್ವರ ಏರಿತು, ಮುಚ್ಚಿಟ್ಟಿದ್ದ ನೋವೆಲ್ಲ ಒಟ್ಟಿಗೆ ಎದ್ದಿತು. ತಲೆಯನ್ನು ಸೀಟಿಗೆ ಒತ್ತಿ ನರಳತೊಡಗಿದ. "ಒಂದು ಮಾತ್ರೆ ಇದ್ರೆ ಕೊಡಿ ಮೇಡಂ, ಅದೇ, ಶೆಡ್ಡಿಂದು" ಅಂದ. ನನ್ನ ಚೀಲದಲ್ಲಿ ಪುರಾವೆಗೆ ಅಂತ ಎತ್ತಿಕೊಂಡ ತುಂಡುಗಳಿದ್ದವು. ಕೊಡಲಿಲ್ಲ. ಪ್ಯಾರಾಸಿಟಮಾಲ್ ಕೂಡ ಕೊಡುವಂತಿರಲಿಲ್ಲ, ಅದು ಆಗಲೇ ಮಿತಿ ಮೀರಿ ಹೊಟ್ಟೆಗೆ ಹೋಗಿತ್ತು. ಎಷ್ಟೋ ವರ್ಷದಿಂದ ಮಾತ್ರೆ ಕೊಡುವುದೇ ಕೆಲಸ ಮಾಡಿಕೊಂಡವಳು, ನೋವಿನವನ ಪಕ್ಕ ಕೈ ಕಟ್ಟಿ ಕೂತಿದ್ದೆ.

ಸಾಗರದಲ್ಲಿ ಗ್ಲೂಕೋಸ್ ಹಾಕಿ, ಪ್ಲೇಟ್‌ಲೆಟ್ ನೋಡಿ, ಶಿವಮೊಗ್ಗಕ್ಕೆ ಆಂಬುಲೆನ್ಸ್ ಮಾಡಿಕೊಟ್ಟರು. ಯಾವ ಮಾತ್ರೆ, ದಿನಕ್ಕೆಷ್ಟು, ಎಷ್ಟು ದಿನದಿಂದ ಅಂತ ನಾನು ಚೀಟಿಯಲ್ಲಿ ಬರೆದು ತುಂಡುಗಳ ಸಮೇತ ಅಲ್ಲಿನ ವೈದ್ಯರಿಗೆ ಕೊಟ್ಟೆ. ಮರುದಿನ ವರದಿ ಬಂತು. ಮಂಗನ ಕಾಯಿಲೆಯೇ. ಶಿವಮೊಗ್ಗದಲ್ಲಿ ರಕ್ತ ಕೊಟ್ಟರು, ಪ್ಲೇಟ್‌ಲೆಟ್ ಕೊಟ್ಟರು. ಕಿಡ್ನಿ ಕೈಕೊಟ್ಟಿತು. ಕೆಲವು ದಿನ ಹಾಗೂ ಹೀಗೂ ಎಳೆದು ಅವನು ತೀರಿಕೊಂಡ. ಕಾಯಿಲೆ ಎಷ್ಟು ಕೊಂದಿತು, ಮಾತ್ರೆ ಎಷ್ಟು ಕೊಂದಿತು ಅಂತ ನಾನು ಅಲ್ಲಿನ ವೈದ್ಯರನ್ನು ಕೇಳಿದೆ. ಹಾಗೆ ಬೇರೆ ಮಾಡಿ ಹೇಳಲಾಗುವುದಿಲ್ಲ, ಕಾಯಿಲೆಯೇ ದೊಡ್ಡದಿತ್ತು, ಮಾತ್ರೆ ಅದಕ್ಕೆ ಬಾಗಿಲು ತೆಗೆದುಕೊಟ್ಟಿತು ಅಂದರು.

ಶೆಡ್ಡಿನವರೆಲ್ಲರ ರಕ್ತ ತೆಗೆಸಿದೆವು. ಇನ್ನಿಬ್ಬರಿಗೆ ಕಾಯಿಲೆ ಇತ್ತು. ಬೇಗ ಸಿಕ್ಕಿದ್ದರಿಂದ ಅವರು ಉಳಿದರು. ಇದನ್ನು ಯಾರೂ ಹೇಳುವುದಿಲ್ಲ. ಊರು ಹೇಳಿಕೊಂಡ ಕಥೆಯೇ ಬೇರೆ. ಮಾತ್ರೆ ತಿಂದುಕೊಂಡು ಗಟ್ಟಿಮುಟ್ಟಾಗಿ ಮರ ಹತ್ತುತ್ತಿದ್ದವನನ್ನು ಮೇಡಂ ಇಳಿಸಿ ಜೀಪಿಗೆ ಹಾಕಿಕೊಂಡು ಹೋದರು, ಆಸ್ಪತ್ರೆಗೆ ಹೋದವನು ಹೆಣವಾಗಿ ಬಂದ. ಲೆಕ್ಕ ಸರಿಯಾಗಿಯೇ ಇದೆ, ಕಣ್ಣಾರೆ ಕಂಡವರು ಇದ್ದಾರೆ. ನನ್ನ ಹತ್ತಿರ ಇರುವುದು ಪ್ಲೇಟ್‌ಲೆಟ್ಟಿನ ಮಾತು ಮಾತ್ರ. ಕಿಟಕಿಯ ಮುಂದೆ ಒಬ್ಬರು, "ಇವ್ರು ಇಳಿಸದಿದ್ರೆ ಬದುಕ್ತಿದ್ದ" ಅಂತ ನನಗೆ ಕೇಳುವಂತೆಯೇ ಅಂದರು. ಅವರಿಗೂ ಮಾತ್ರೆ ಎಣಿಸಿ ಕೊಟ್ಟೆ.

ಮೆಡಿಕಲ್ ಶಾಪಿನ ಮೇಲೆ ದೂರು ಬರೆದೆ. ಔಷಧ ನಿಯಂತ್ರಣ ಇಲಾಖೆಯವರು ಬಂದು ನೋಡಿಕೊಂಡು ಹೋದರು, ನೋಟಿಸು ಕೊಟ್ಟರು. ಅಂಗಡಿಯಲ್ಲಿ ಈಗಲೂ ಮಾತ್ರೆ ಸಿಗುತ್ತದೆ, ಗುರುತಿದ್ದವರಿಗೆ ಮಾತ್ರ. ಚೇಣಿದಾರರು ತಟ್ಟೆಯಲ್ಲಿ ಮಾತ್ರೆ ಇಡುವುದನ್ನು ಬಿಟ್ಟರು. ಕೆಲಸದವರು ತಾವೇ ತರಿಸಿಕೊಳ್ಳತೊಡಗಿದರು. ನೋವಂತೂ ಯಾರಿಗೂ ಕಡಿಮೆಯಾಗಿರಲಿಲ್ಲ. ವಿಶ್ರಾಂತಿ ತೆಗೆದುಕೊಳ್ಳಿ ಅಂತ ನಾನು ಹೇಳುತ್ತಿದ್ದೆ. ಕೊಯ್ಲಿನಲ್ಲಿ ಆ ಮಾತು ಹೇಳುವವಳ ಮುಖವನ್ನು ಅವರು ನೋಡುತ್ತಿದ್ದ ರೀತಿ ನನಗೆ ಅಭ್ಯಾಸವಾಗಿದೆ.

ಮುಂದಿನ ಕೊಯ್ಲಿಗೆ ಅವನ ಹೆಂಡತಿ ಒಬ್ಬಳೇ ಬಂದಳು. ಒಂದು ಮಧ್ಯಾಹ್ನ ಕಿಟಕಿಯ ಮುಂದೆ ನಿಂತಿದ್ದಳು. ಸೊಂಟ ನೋವು. ಜ್ವರ ಇರಲಿಲ್ಲ, ರಕ್ತವನ್ನೂ ನೋಡಿಸಿದ್ದರು, ಏನೂ ಇರಲಿಲ್ಲ. ವೈದ್ಯರು ಊತ ನೋಡಿ ಸ್ವಲ್ಪ ದಿನಕ್ಕೆ ಕಾಂಬಿನೇಶನ್ ಮಾತ್ರೆಯನ್ನೇ ಬರೆದಿದ್ದರು. ಬರೆಯಬಹುದಾದ ಕಡೆಯೇ ಬರೆದಿದ್ದರು. ನಾನು ಹೊಟ್ಟೆಹುಣ್ಣು ಇದೆಯಾ, ಬಿಪಿ ಇದೆಯಾ ಕೇಳಿ, ಊಟವಾದ ಮೇಲೆ ತಗೊಳ್ಳಿ, ನೀರು ಕುಡಿಯಿರಿ ಅಂತ ಹೇಳಿ ಸ್ಟ್ರಿಪ್ಪನ್ನು ಕತ್ತರಿಸದೆ ಮುಂದಿಟ್ಟೆ.

ಅವಳು ಅದನ್ನು ಬೆರಳಿನಿಂದ ವಾಪಸು ನೂಕಿದಳು.

"ಇದು ಬ್ಯಾಡ ಮೇಡಂ."

"ಹೆದರಬೇಡಿ. ನೀವು ಈಗ ಇದನ್ನ ತಿನ್ನಬಹುದು. ನೋವು ಕಡಿಮೆ ಆಗ್ತದೆ."

"ಗೊತ್ತು, ಕಡಿಮೆ ಆಗ್ತದೆ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆವತ್ತು ಅವ್ರಿಗೂ ಕಡಿಮೆ ಆಗಿತ್ತು. ಆಗ್ದೇ ಇದ್ದಿದ್ರೆ ಮಲಗಿರ್ತಿದ್ರು. ನಾನೇ ತಟ್ಟೆಯಿಂದ ತೆಗೆದು ಕೊಟ್ಟಿದ್ದೆ ಮೇಡಂ, ಎದ್ದೇಳಿ ಅಂತ."

ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು, ಮಾತ್ರೆ ಇಲ್ಲದೆ, ಸುಲಿಯಲು ಹೋದಳು.